ಬೆನ್ನು ತಿರುಗಿಸಿ ಹೇಳುವ ಪದ್ಯ

ನನ್ನ ಮಗಳು ಮೊದಲ ಸಲ ಪೂರ್ತಿಯಾಗಿ ಹೇಳಿದ ಪದ್ಯ ಕನ್ನಡದ್ದಲ್ಲ. ಆಗ ಅವಳಿಗೆ ಮೂರೂವರೆ ವರ್ಷ. ಶಿಶುವಿಹಾರದಿಂದ ಬಂದವಳು ಶೂ ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಂತು, ಕತ್ತು ಉದ್ದ ಮಾಡಿ, ‘ಅ, ಅ, ಅ’ ಅಂದಳು. ಹೊಟ್ಟೆನೋವೇನೋ ಅಂತ ನನಗೆ ಗಾಬರಿ. ಅವಳು ನನ್ನ ಕಡೆ ನೋಡದೆ ಇನ್ನೂ ಮೂರು ಸಾಲು ಹೇಳಿದಳು. ಕೊನೆಗೆ ಎರಡೂ ಅಂಗೈಯಿಂದ ನೀರು ತಳ್ಳುವ ಹಾಗೆ ಮಾಡಿ ಒಳಗೆ ಓಡಿದಳು.

‘ಅ’ ಅಂದರೆ ಚೀನೀ ಭಾಷೆಯಲ್ಲಿ ಹೆಬ್ಬಾತು. ಏಳನೇ ಶತಮಾನದ ಲುವೊ ಬಿನ್‌ವಾಂಗ್ ಅನ್ನುವ ಕವಿ ಏಳು ವರ್ಷದ ಹುಡುಗನಾಗಿದ್ದಾಗ ಕಟ್ಟಿದ ಪದ್ಯ ಅಂತ ಇಲ್ಲಿಯವರು ಹೇಳುತ್ತಾರೆ. ಒಟ್ಟು 18 ಅಕ್ಷರ. ಹೆಬ್ಬಾತು ಕತ್ತು ಬಾಗಿಸಿ ಆಕಾಶದ ಕಡೆ ಹಾಡುತ್ತದೆ, ಬಿಳಿ ಗರಿ ಹಸಿರು ನೀರಿನ ಮೇಲೆ ತೇಲುತ್ತದೆ, ಕೆಂಪು ಪಾದ ತಿಳಿನೀರನ್ನು ತಳ್ಳುತ್ತದೆ. ಅಷ್ಟೇ. ಚೀನಾದಲ್ಲಿ ಈ ಪದ್ಯ ಬಾರದ ಮಗುವನ್ನು ನಾನಂತೂ ನೋಡಿಲ್ಲ.

ನಾವು ಗದಗದವರು. ಮನೆಯವರ ಕೆಲಸದ ಸಲುವಾಗಿ ಸುಝೌಗೆ ಬಂದು ಎಂಟು ವರ್ಷ ಆಯಿತು. ಶಾಂಘೈನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ, ಕಾಲುವೆಗಳ ಊರು. ಇಂಟರ್‌ನ್ಯಾಷನಲ್ ಶಾಲೆಯ ಫೀಸು ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಮಗಳು ಇಲ್ಲಿಯ ಮಕ್ಕಳ ಜತೆ ಇಲ್ಲಿಯ ಶಾಲೆಗೇ ಹೋದಳು. ಈಗ ಮೂರನೇ ಕ್ಲಾಸು.

ಬಾಯಿಪಾಠ ಅಂದರೆ ಮೊದಲಿಗೆ ನನಗೆ ಆಗುತ್ತಿರಲಿಲ್ಲ. ಅರ್ಥ ಗೊತ್ತಿಲ್ಲದೆ ಉರು ಹೊಡೆಯುವುದರಲ್ಲಿ ಏನಿದೆ ಅಂತ ನನ್ನ ವಾದ. ಶಾಲೆಯಲ್ಲಿ ಬೆಳಗ್ಗೆ ಪಾಠಕ್ಕೆ ಮೊದಲು ‘ತ್ಸಾವ್ ತು’ ಅಂತ ಇರುತ್ತದೆ, ಮುಂಜಾನೆಯ ಓದು. ನಲವತ್ತು ಮಕ್ಕಳು ಪುಸ್ತಕ ಎತ್ತಿ ಹಿಡಿದು ಒಂದೇ ದನಿಯಲ್ಲಿ ಓದುತ್ತಾರೆ. ಗೇಟಿನ ಹೊರಗೆ ನಿಂತರೂ ಕೇಳುತ್ತದೆ. ಸರ್ಕಾರದ ಪಠ್ಯಕ್ರಮದಲ್ಲಿ ಪ್ರೈಮರಿಯ ಆರು ವರ್ಷಕ್ಕೆ 75 ಹಳೆಯ ಪದ್ಯಗಳನ್ನು ಬಾಯಿಪಾಠಕ್ಕೆ ಸೂಚಿಸಿದ್ದಾರೆ. ಹೇಳಿದರೆ ಸಾಲದು, ನೋಡದೆ ಬರೆಯಲೂ ಬೇಕು. ಒಂದು ಗೀಟು ತಪ್ಪಿದರೂ ಅಂಕ ಹೋಯಿತು. ಮನೆಯಲ್ಲಿ ಹೇಳಿಸಿ ವೀಡಿಯೊ ಮಾಡಿ ವೀಚಾಟ್ ಗುಂಪಿಗೆ ಹಾಕಬೇಕು. ರಾತ್ರಿ ಒಂಬತ್ತಾದರೂ ಇನ್ನೂ ಹಾಕದಿದ್ದವರ ಹೆಸರು ಗುಂಪಿನಲ್ಲಿ ಬರುತ್ತಿತ್ತು. ಅದರಲ್ಲಿ ನಮ್ಮ ಹೆಸರೂ ಎಷ್ಟೋ ಸಲ ಬಂದಿದೆ.

ಇಲ್ಲಿ ಬಾಯಿಪಾಠಕ್ಕೆ ‘ಪೆಯ್’ ಅನ್ನುತ್ತಾರೆ. ಆ ಅಕ್ಷರದ ಇನ್ನೊಂದು ಅರ್ಥ ಬೆನ್ನು. ಹಿಂದೆ ಊರಿನ ಖಾಸಗಿ ಮಠಗಳಲ್ಲಿ, ನಮ್ಮ ಗಾವಟಿ ಶಾಲೆಗಳ ಹಾಗೆ, ಹುಡುಗ ಪುಸ್ತಕವನ್ನು ಗುರುಗಳ ಮೇಜಿನ ಮೇಲೆ ಇಟ್ಟು, ಅವರಿಗೆ ಬೆನ್ನು ತಿರುಗಿಸಿ ನಿಂತು ಒಪ್ಪಿಸಬೇಕಿತ್ತು. ನಮ್ಮಲ್ಲಿ ಪದ್ಯ ಬಾಯಲ್ಲಿ ಇರುತ್ತದೆ, ಕಂಠದಲ್ಲಿ ಇರುತ್ತದೆ. ಇವರಲ್ಲಿ ಬೆನ್ನಲ್ಲಿ. ಇದು ಗೊತ್ತಾದ ಮೇಲೆ ಮಗಳು ಮನೆಯಲ್ಲೂ ಹಾಗೇ ಶುರು ಮಾಡಿದಳು. ಪುಸ್ತಕ ನನ್ನ ತೊಡೆ ಮೇಲೆ ಇಟ್ಟು ಕಿಟಕಿ ಕಡೆ ತಿರುಗುತ್ತಾಳೆ. ನನ್ನ ಮುಖ ಕಾಣದಿದ್ದರೆ ಅವಳು ತಡವರಿಸುವುದು ಕಡಿಮೆ. ತಪ್ಪಿದಾಗ ನನ್ನ ಹುಬ್ಬು ಏರುತ್ತಿತ್ತಲ್ಲ, ಅದು ಈಗ ಅವಳಿಗೆ ಕಾಣಿಸುವುದಿಲ್ಲ. ಮಕ್ಕಳಿಗೆ ಪದ್ಯ ಕಲಿಸುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಎದುರು ಕೂರಿಸಿಕೊಂಡು ಕೇಳಬೇಡಿ.

ನನಗೆ ಚೀನೀ ಅಕ್ಷರ ಬರುತ್ತಿರಲಿಲ್ಲ. ಶಾಲೆಯ ಪುಸ್ತಕದಲ್ಲಿ ಅಕ್ಷರದ ಮೇಲೆ ಪಿನ್‌ಯಿನ್, ಅಂದರೆ ರೋಮನ್ ಲಿಪಿಯ ಉಚ್ಚಾರ, ಇರುತ್ತದೆ. ಅದನ್ನು ನೋಡಿಕೊಂಡು ಓದಿದರೆ ಮಗಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಸುಮ್ನೆ ಅವಳು ಹೇಳಿದ್ದನ್ನು ಕೇಳಿ ಕನ್ನಡದಲ್ಲಿ ಬರೆದುಕೊಂಡೆ. ಆಗ ಗೊತ್ತಾಯಿತು ನೋಡಿ. ಪಿನ್‌ಯಿನ್‌ನಲ್ಲಿ ಬಿ ಅಂತ ಬರೆಯುವುದು ನಮ್ಮ ಪ. ಪಿ ಅಂತ ಬರೆಯುವುದು ಫ, ಅದೂ ಫಲ ಅನ್ನುವಾಗಿನ ಮಹಾಪ್ರಾಣದ ಫ. ಡಿ ಅಂದರೆ ಹೆಚ್ಚುಕಡಿಮೆ ತ, ಟಿ ಅಂದರೆ ಥ. ಜಿ ಅಂದರೆ ಕ, ಕೆ ಅಂದರೆ ಖ. ಇಂಗ್ಲಿಷಿನ ಮೂಲಕ ಕಲಿಯುವವರು ತಿಂಗಳುಗಟ್ಟಲೆ ಒದ್ದಾಡುವ ಈ ವ್ಯತ್ಯಾಸ ನಮಗೆ ಒಂದನೇ ಕ್ಲಾಸಿನ ಕಾಗುಣಿತದಲ್ಲೇ ಬಂದಿರುತ್ತದೆ. ಅಲ್ಪಪ್ರಾಣ, ಮಹಾಪ್ರಾಣ ಅಂತ ನಮ್ಮ ಟೀಚರ್ ಅಂಗೈಗೆ ಉಸಿರು ಊದಿಸಿ ಕಲಿಸಿದ್ದು ಸುಝೌನಲ್ಲಿ ಉಪಯೋಗಕ್ಕೆ ಬಂತು. ಅವತ್ತಿನಿಂದ ನನ್ನದೊಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಹೆಚ್ಚಿನವು ಟಾಂಗ್ ರಾಜವಂಶದ ಕಾಲದ ಕವಿತೆಗಳು, ಕನ್ನಡ ಲಿಪಿಯಲ್ಲಿ. ಸ್ವರದ ಏರಿಳಿತಕ್ಕೆ ಅಕ್ಷರದ ಮೇಲೆ ಪೆನ್ಸಿಲಿನಲ್ಲಿ ಗೀಟು.

ಅದರಲ್ಲಿ ಮೊದಲನೇ ಪುಟದಲ್ಲಿ ಇರುವುದು ಟಾಂಗ್‌ಗಿಂತಲೂ ಹಳೆಯ ಹಾನ್ ಕಾಲದ ಜನಪದ ಹಾಡು. ಒಂದನೇ ಕ್ಲಾಸಿನ ಪಾಠ. ಚ್ಯಾಂಗ್‌ನಾನ್‌ನಲ್ಲಿ ತಾವರೆ ಕೊಯ್ಯಬಹುದು, ಎಲೆ ಎಷ್ಟು ತುಂಬಿ ನಿಂತಿದೆ, ಎಲೆಗಳ ನಡುವೆ ಮೀನು ಆಡುತ್ತಿದೆ. ಆಮೇಲೆ ನಾಲ್ಕು ಸಾಲು, ಬದಲಾಗುವುದು ಒಂದೇ ಅಕ್ಷರ.

‘ಯು ಶಿ ಲ್ಯೆನ್ ಯೆ ತುಂಗ್.’ ಮೀನು ತಾವರೆ ಎಲೆಯ ಪೂರ್ವಕ್ಕೆ ಆಡುತ್ತದೆ. ಮುಂದಿನ ಸಾಲಿನಲ್ಲಿ ‘ಶಿ’, ಪಶ್ಚಿಮ. ಆಮೇಲೆ ‘ನಾನ್’, ದಕ್ಷಿಣ. ಕೊನೆಗೆ ‘ಪೆಯ್’, ಉತ್ತರ.

ಚ್ಯಾಂಗ್‌ನಾನ್ ಅಂದರೆ ಯಾಂಗ್‌ತ್ಸೆ ನದಿಯ ದಕ್ಷಿಣದ ಸೀಮೆ. ನಾವಿರುವುದೇ ಅಲ್ಲಿ. ಬೇಸಿಗೆಯಲ್ಲಿ ತಾವರೆಯ ಕಾಯಿಯನ್ನು ಕಟ್ಟು ಕಟ್ಟಿ ರಸ್ತೆ ಬದಿಯಲ್ಲಿ ಮಾರುತ್ತಾರೆ, ಹಸಿ ಬೀಜ ಸುಲಿದು ತಿನ್ನಬಹುದು. ಈ ಪದ್ಯವನ್ನು ನಾವು ಕೂತು ಕಲಿಯಲಿಲ್ಲ. ನಮ್ಮ ಮಹಡಿಯ ಕಾರಿಡಾರಿನಲ್ಲಿ ನಡುವೆ ಒಂದು ಹಸಿರು ಬೆಡ್‌ಶೀಟ್ ಹಾಸಿದೆ. ಲಿಫ್ಟ್ ಇರುವ ಕಡೆ ಪೂರ್ವ, ಮೆಟ್ಟಿಲು ಪಶ್ಚಿಮ, ನಮ್ಮ ಬಾಗಿಲು ದಕ್ಷಿಣ, ಎದುರು ಮನೆಯವರದ್ದು ಉತ್ತರ. ನಾನು ಸಾಲು ಹೇಳಬೇಕು, ಕೊನೇ ಅಕ್ಷರ ಬಾಯಿಂದ ಬಿದ್ದ ತಕ್ಷಣ ಅವಳು ಆ ಕಡೆ ಓಡಬೇಕು. ಎರಡನೇ ಸುತ್ತಿಗೆ ಅವಳು ಹೇಳಬೇಕು, ನಾನು ಓಡಬೇಕು. ಎದುರು ಮನೆಯ ಅವಳಿ ಹುಡುಗರು ಸದ್ದು ಕೇಳಿ ಹೊರಗೆ ಬಂದರು. ಹತ್ತು ನಿಮಿಷದಲ್ಲಿ ಕಾರಿಡಾರ್ ತುಂಬ ಮೀನು. ಪದ್ಯದ ಅರ್ಥವನ್ನು ಯಾರೂ ಯಾರಿಗೂ ಹೇಳಲಿಲ್ಲ. ಮಾರನೇ ದಿನ ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಅವ್ವಾ, ಮೀನು ಒಂದಾ, ನಾಲ್ಕಾ?’ ನನಗೆ ಉತ್ತರ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ಪದ್ಯವನ್ನು ಅಷ್ಟು ಹತ್ತಿರದಿಂದ ನೋಡಿದ ಮಗು ಅರ್ಥ ಗೊತ್ತಿಲ್ಲದೆ ಉರು ಹೊಡೆದಿದೆ ಅಂತ ಆಮೇಲೆ ನಾನು ಹೇಳಲಾರದೆ ಹೋದೆ.

ನಡುವೆ ಒಂದು ತಪ್ಪು ಹೆಜ್ಜೆಯನ್ನೂ ಇಟ್ಟೆ. ಎಲ್ಲರ ಮಕ್ಕಳೂ ಹೋಗುತ್ತಾರೆ ಅಂತ ಒಂದು ಕ್ಲಾಸಿಗೆ ಸೇರಿಸಿದೆ. ಅಲ್ಲಿ ‘ತೀ ತ್ಸ್ ಕ್ವೇ’ ಕಲಿಸುತ್ತಿದ್ದರು, ಚಿಂಗ್ ಕಾಲದ ಲಿ ಯುಶ್ಯೂ ಬರೆದ ಶಿಷ್ಟಾಚಾರದ ಪದ್ಯ. ಮೂರು ಮೂರು ಅಕ್ಷರದ ಸಾಲು, ಒಟ್ಟು 1,080 ಅಕ್ಷರ. ಅಪ್ಪ ಅಮ್ಮ ಕರೆದರೆ ತಡ ಮಾಡದೆ ಓಗೊಡು, ಕೆಲಸ ಹೇಳಿದರೆ ಸೋಮಾರಿತನ ಮಾಡಬೇಡ, ಹೀಗೆ ಸಾಗುತ್ತದೆ. ಸ್ಟಾಪ್‌ವಾಚ್ ಹಿಡಿದು ಹೇಳಿಸುತ್ತಿದ್ದರು. ಬೇಗ ಹೇಳಿದವರಿಗೆ ನಕ್ಷತ್ರದ ಸ್ಟಿಕ್ಕರ್. ಆರು ವಾರದಲ್ಲಿ ಅವಳು ಅರ್ಧಕ್ಕಿಂತ ಜಾಸ್ತಿ ಕಲಿತಳು, ರಾತ್ರಿ ಹಲ್ಲು ಕಡಿಯಲೂ ಶುರು ಮಾಡಿದಳು. ಒಂದು ಭಾನುವಾರ ಕ್ಲಾಸಿನ ಬಾಗಿಲಲ್ಲಿ ನನ್ನ ಸೆರಗು ಬಿಡದೆ ಅತ್ತಳು. ಅವತ್ತೇ ಬಿಡಿಸಿದೆ. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಆ ಪದ್ಯದ ಒಂದು ಸಾಲನ್ನೂ ಅವಳು ಆಮೇಲೆ ಆಟ ಆಡುವಾಗ ಹೇಳಿದ್ದನ್ನು ನಾನು ಕೇಳಿಲ್ಲ. ತಪ್ಪು ಪದ್ಯದ್ದು ಅಂತ ನಾನು ಹೇಳಲಾರೆ. ಪದ್ಯಕ್ಕೆ ಗಡಿಯಾರ ಕಟ್ಟಬಾರದು.

ನಮ್ಮ ಬಾಯಿಪಾಠಕ್ಕೆ ಜೀವ ಬಂದದ್ದು ಮೊದಲನೇ ಮಹಡಿಯ ಹಾವ್‌ಫೊ ಅವರಿಂದ. ಸುಝೌನವರು ಅಜ್ಜಿಯನ್ನು ಹಾಗೆ ಕರೆಯುತ್ತಾರೆ, ಬೇರೆ ಊರಿನಲ್ಲಿ ಈ ಮಾತು ನಾನು ಕೇಳಿಲ್ಲ. ಎಪ್ಪತ್ತೆಂಟು ವರ್ಷ. ರೇಷ್ಮೆ ಮಿಲ್ಲಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಸಂಜೆ ಕಟ್ಟಡದ ಮುಂದೆ ಬಿದಿರಿನ ಸ್ಟೂಲ್ ಹಾಕಿಕೊಂಡು ಅವರೆಯಂಥ ಕಾಳು ಸುಲಿಯುತ್ತಾ, ಚಿಕ್ಕ ರೇಡಿಯೊದಲ್ಲಿ ಪಿಂಗ್‌ಥಾನ್ ಕೇಳುತ್ತಾ ಕೂರುತ್ತಾರೆ. ಪಿಂಗ್‌ಥಾನ್ ಅಂದರೆ ತಂತಿವಾದ್ಯ ನುಡಿಸುತ್ತಾ ಸುಝೌ ಮಾತಿನಲ್ಲಿ ಕಥೆ ಹೇಳುವುದು. ಮಗಳು ಸ್ಕೂಲಿನಿಂದ ಬರುವಾಗ ಯಾವುದೋ ಪದ್ಯ ಗುನುಗುತ್ತಿದ್ದಳು. ಹಾವ್‌ಫೊ ರೇಡಿಯೊ ಆರಿಸಿ, ‘ಹಾಗಲ್ಲ ಕಂದ, ಅದು ಓದೋದಲ್ಲ, ಇಲ್ಲಿ ಬಾ’ ಅಂದರು.

ಅವರ ತಂದೆ ಹಳೇ ಮಠದಲ್ಲಿ ಓದಿದವರು. ಅಲ್ಲಿ ಮೊದಲು ಮೂರಕ್ಷರದ ಪುಸ್ತಕ, ಆಮೇಲೆ ನೂರು ಮನೆತನದ ಹೆಸರು, ಆಮೇಲೆ ಸಾವಿರ ಅಕ್ಷರದ ಪುಸ್ತಕ. ಈ ಮೂರನೆಯದನ್ನು ಆರನೇ ಶತಮಾನದಲ್ಲಿ ಝೌ ಶಿಂಗ್‌ಸಿ ಕಟ್ಟಿದ. ಸಾವಿರ ಅಕ್ಷರ, ಒಂದೂ ಎರಡನೇ ಸಲ ಬರದ ಹಾಗೆ. ಒಂದೇ ರಾತ್ರಿಯಲ್ಲಿ ಮುಗಿಸಿದ, ಬೆಳಗಾಗುವಷ್ಟರಲ್ಲಿ ತಲೆಕೂದಲು ಬೆಳ್ಳಗಾಗಿತ್ತು ಅಂತ ಕಥೆ. ಮಗಳಿಗೆ ಆ ಕಥೆ ಬಹಳ ಇಷ್ಟ. ಹೋಂವರ್ಕ್ ಜಾಸ್ತಿ ಇದ್ದ ದಿನ ಕನ್ನಡಿ ಮುಂದೆ ಹೋಗಿ ಕೂದಲು ನೋಡಿಕೊಳ್ಳುತ್ತಾಳೆ.

ಹಾವ್‌ಫೊ ಪದ್ಯ ಹೇಳುವುದು ಸುಝೌ ಮಾತಿನಲ್ಲಿ. ಕಣ್ಣು ಅರ್ಧ ಮುಚ್ಚಿ, ಬೆರಳಿನಿಂದ ಮಂಡಿ ಮೇಲೆ ತಟ್ಟುತ್ತಾ, ಕೆಲವು ಅಕ್ಷರವನ್ನು ಎಳೆದು, ಕೆಲವನ್ನು ಥಟ್ಟನೆ ಕತ್ತರಿಸಿ. ಹಾಡೂ ಅಲ್ಲ, ಮಾತೂ ಅಲ್ಲ. ಮೊದಲ ಸಲ ಕೇಳಿದಾಗ ನಾನು ಕೈಯಲ್ಲಿದ್ದ ತರಕಾರಿ ಚೀಲ ಕೆಳಗಿಟ್ಟು ನಿಂತುಬಿಟ್ಟೆ. ನಮ್ಮ ಅಜ್ಜ ಸಂಜೆ ಪಡಸಾಲೆಯಲ್ಲಿ ಭಾರತ ಓದುತ್ತಿದ್ದದ್ದು ಹೀಗೇ. ಅದಕ್ಕೆ ನಾವು ಗಮಕ ಅನ್ನುತ್ತೇವೆ, ಇವರು ‘ಯಿನ್ ಸುಂಗ್’ ಅನ್ನುತ್ತಾರೆ. ಹತ್ತಿರದ ಚಾಂಗ್‌ಝೌ ಊರಿನ ಯಿನ್ ಸುಂಗ್ 2008ರಲ್ಲಿ ದೇಶದ ಪರಂಪರೆಯ ಪಟ್ಟಿಗೆ ಸೇರಿದೆ. ನಾನ್‌ಕಾಯ್ ವಿಶ್ವವಿದ್ಯಾಲಯದ ಯೆ ಜ್ಯಾಯಿಂಗ್ ಅನ್ನುವ ದೊಡ್ಡ ವಿದ್ವಾಂಸೆ ಮಕ್ಕಳಿಗೆ ಇದನ್ನು ಕಲಿಸಿ ಅಂತ ಮುಪ್ಪಿನಲ್ಲೂ ಹೇಳುತ್ತಿದ್ದರು. 2024ರ ನವೆಂಬರಿನಲ್ಲಿ, ನೂರನೇ ವಯಸ್ಸಿನಲ್ಲಿ, ಅವರು ತೀರಿಕೊಂಡ ದಿನ ಹಾವ್‌ಫೊ ರೇಡಿಯೊ ಹಾಕಲಿಲ್ಲ.

ಎಳೆಯುವುದಕ್ಕೂ ಕತ್ತರಿಸುವುದಕ್ಕೂ ಲೆಕ್ಕ ಇದೆ. ಹಳೆಯ ಚೀನೀ ಛಂದಸ್ಸಿನಲ್ಲಿ ಅಕ್ಷರಗಳು ಎರಡು ಜಾತಿ, ಸಮಸ್ವರದ್ದು ಮತ್ತು ಓರೆಸ್ವರದ್ದು. ಸಮದ್ದನ್ನು ಎಳೆಯಬೇಕು, ಓರೆಯದನ್ನು ಬಿಡಬೇಕು. ನಮ್ಮ ಲಘು, ಗುರುವಿನ ಹಾಗೆ ಅಂತ ನಾನು ಮಗಳಿಗೆ ಹೇಳಿದೆ. ಅವಳಿಗೆ ಭಾಮಿನಿಯ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯನ್ನು ಅಜ್ಜಿ ವೀಡಿಯೊ ಕಾಲ್‌ನಲ್ಲಿ ತಾಳ ಹಾಕಿ ಕಲಿಸಿದ್ದಾರೆ. ಅವಳೇ ಕಂಡುಹಿಡಿದ ಒಂದು ವ್ಯತ್ಯಾಸ ಇದು: ‘ಅವ್ವಾ, ನಮ್ಮ ಪದ್ಯದಲ್ಲಿ ಪ್ರಾಸ ಸಾಲಿನ ಮೊದಲಿಗೆ ಬರುತ್ತೆ, ಇವರದ್ದು ಕೊನೆಗೆ.’ ಎರಡನೇ ಅಕ್ಷರದ ಪ್ರಾಸವನ್ನು ನನಗೆ ಯಾರೋ ಹೇಳಿಕೊಟ್ಟದ್ದು ಹೈಸ್ಕೂಲಿನಲ್ಲಿ.

ಇನ್ನೊಂದು ವಿಷಯ. ಈಗಿನ ಮ್ಯಾಂಡರಿನ್‌ನಲ್ಲಿ, ಅಂದರೆ ಶಾಲೆಯಲ್ಲಿ ಕಲಿಸುವ ಚೀನೀ ಭಾಷೆಯಲ್ಲಿ, ನಮ್ಮ ಬ ಇಲ್ಲ, ಪ ಮತ್ತು ಫ ಮಾತ್ರ. ಸುಝೌ ಮಾತಿನಲ್ಲಿ ಪ, ಫ, ಬ ಮೂರೂ ಇವೆ. ಲಿ ಬಾಯ್ ಅಂತ ನಾವು ಬರೆಯುವ ಮಹಾಕವಿಯ ಹೆಸರನ್ನು ಶಾಲೆಯಲ್ಲಿ ‘ಲೀ ಪಾಯ್’ ಅನ್ನುತ್ತಾರೆ. ಹಾವ್‌ಫೊ ಬಾಯಲ್ಲಿ ಸ್ವಚ್ಛವಾದ ಬ ಕೇಳುತ್ತದೆ. ಆ ಒಂದು ಅಕ್ಷರಕ್ಕೆ ನನಗೆ ಮನೆಗೆ ಬಂದ ಹಾಗಾಯಿತು.

ಸುಝೌನವರಿಗೆ ತಮ್ಮದೇ ಒಂದು ಪದ್ಯ ಇದೆ. ಟಾಂಗ್ ಕಾಲದ ಜಾಂಗ್ ಜಿ ಬರೆದದ್ದು, 28 ಅಕ್ಷರ. ಚಂದ್ರ ಮುಳುಗಿದ್ದಾನೆ, ಕಾಗೆ ಕೂಗುತ್ತಿದೆ, ಆಕಾಶದ ತುಂಬ ಇಬ್ಬನಿ ಹೆಪ್ಪುಗಟ್ಟಿದೆ. ದೋಣಿಯಲ್ಲಿ ಮಲಗಿದವನಿಗೆ ನಿದ್ದೆ ಇಲ್ಲ. ಊರಾಚೆಯ ಹಾನ್‌ಶಾನ್ ದೇವಸ್ಥಾನದ ನಡುರಾತ್ರಿಯ ಗಂಟೆ ಅವನ ದೋಣಿಗೆ ಬಂದು ಮುಟ್ಟುತ್ತದೆ. ಆ ದೇವಸ್ಥಾನ ಇವತ್ತಿಗೂ ಇದೆ, ಪಕ್ಕದಲ್ಲೇ ಕಾಲುವೆಯ ಮೇಲೆ ಕಲ್ಲಿನ ಸೇತುವೆ. ಪ್ರತಿ ಡಿಸೆಂಬರ್ 31ರ ರಾತ್ರಿ ಅಲ್ಲಿ 108 ಸಲ ಗಂಟೆ ಬಾರಿಸುತ್ತಾರೆ. ಶಾಲೆಯಲ್ಲಿ ಈ ಪದ್ಯ ಐದನೇ ಕ್ಲಾಸಿಗೆ. ಹಾವ್‌ಫೊ ಅಷ್ಟು ಕಾಯಲಿಲ್ಲ.

ಗದಗಿನಲ್ಲಿ ಬೆಳೆದ ನನಗೆ ಪದ್ಯಕ್ಕೊಂದು ವಿಳಾಸ ಇರುವುದು ಹೊಸದಲ್ಲ. ವೀರನಾರಾಯಣ ಗುಡಿಯ ಕಂಬ ತೋರಿಸಿ, ನಾರಣಪ್ಪ ಇಲ್ಲೇ ಕೂತು ಭಾರತ ಬರೆದ, ಕೋನೇರಿಯಲ್ಲಿ ಮಿಂದು ಬಂದು ಒದ್ದೆ ಬಟ್ಟೆ ಆರುವವರೆಗೆ ಬರೆಯುತ್ತಿದ್ದ ಅಂತ ಅಜ್ಜ ಹೇಳುತ್ತಿದ್ದರು. ನಾನು ಆ ಕಂಬವನ್ನು ಮುಟ್ಟಿ ನೋಡಿದವಳು. ಅದಕ್ಕೇ ನವೆಂಬರಿನ ಒಂದು ಸಂಜೆ ಮಗಳನ್ನು ಸೇತುವೆಗೆ ಕರಕೊಂಡು ಹೋದೆ. ಜನ ಹೆಚ್ಚಿರಲಿಲ್ಲ, ಚಳಿ ಇತ್ತು. ಕಲ್ಲಿನ ಕಟ್ಟೆಗೆ ಆತುಕೊಂಡು ನೀರು ನೋಡುತ್ತಾ ಅವಳು ಎರಡು ಸಲ ಪದ್ಯ ಹೇಳಿದಳು. ಒಮ್ಮೆ ಶಾಲೆಯ ಉಚ್ಚಾರದಲ್ಲಿ, ಒಮ್ಮೆ ಹಾವ್‌ಫೊ ಹಾಗೆ. ಆಮೇಲೆ ಕೇಳಿದಳು.

‘ಅವರಿಗೆ ಯಾಕೆ ನಿದ್ದೆ ಬರಲಿಲ್ಲ?’

‘ಊರು ಬಿಟ್ಟು ಬಂದಿದ್ದರಲ್ಲ, ಅದಕ್ಕೆ.’

‘ಅಜ್ಜಿ ಜತೆ ಮಾತಾಡಿದ ದಿನ ನಿನಗೂ ಬರಲ್ಲ, ಅಲ್ವಾ?’

ಅವಳಿಗೆ ಅದು ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ. ಅವಳ ಟೊಪ್ಪಿಗೆ ಕಿವಿ ಮೇಲೆ ಎಳೆದು ಸರಿ ಮಾಡಿದೆ, ಅಷ್ಟೇ.

ಹೋದ ಬೇಸಿಗೆ ರಜೆಗೆ ಗದಗಿಗೆ ಹೋಗಿದ್ದೆವು. ನಾಲ್ಕು ವರ್ಷದ ಮೇಲೆ. ಬೆಟಗೇರಿ ಕಡೆಯ ನಮ್ಮ ಓಣಿಯಲ್ಲಿ ಆಟೋ ಇಳಿದು ಬ್ಯಾಗು ಎಳೆಯುತ್ತಿದ್ದಾಗ ಗೋಲಿ ಆಡುತ್ತಿದ್ದ ಹುಡುಗರು ನನ್ನನ್ನೇ ನೋಡಿ, ‘ಯಾರ್ ಮನಿಗ್ ಬಂದೀರಿ ಅಕ್ಕಾರ? ಯಾವೂರು?’ ಅಂದರು. ನಾನು ಹುಟ್ಟಿದ ಓಣಿ ಅದು. ಮಗಳು ನನ್ನ ಕೈ ಹಿಡಿದು ಜಗ್ಗಿದಳು. ಮೆಲ್ಲಗೆ ಹೇಳಿದಳು, ‘ಶ್ಯಾವ್ ವೆನ್ ಖ ತ್ಸುಂಗ್ ಹ ಛು ಲಾಯ್.’

ಹ ಝಿಝಾಂಗ್ ಅನ್ನುವ ಟಾಂಗ್ ಕಾಲದ ಕವಿಯ ಸಾಲು ಅದು. ಎಂಬತ್ತು ದಾಟಿದ ಮೇಲೆ, 744ರಲ್ಲಿ, ಅರಮನೆಯ ಕೆಲಸ ಬಿಟ್ಟು ಊರಿಗೆ ಹೋದವರು. ಚಿಕ್ಕವನಿದ್ದಾಗ ಊರು ಬಿಟ್ಟೆ, ಮುದುಕನಾಗಿ ಬಂದೆ. ಊರ ಮಾತು ಬದಲಾಗಿಲ್ಲ, ಕೆನ್ನೆಗೂದಲು ಉದುರಿದೆ. ಮಕ್ಕಳು ಗುರುತು ಹಿಡಿಯಲಿಲ್ಲ, ನಗುತ್ತಾ ಕೇಳಿದರು, ಅತಿಥಿಗಳು ಎಲ್ಲಿಂದ ಬಂದಿರಿ? ಈ ಪದ್ಯ ಅವಳು ಎರಡು ವರ್ಷದಿಂದ ಹೇಳುತ್ತಿದ್ದಾಳೆ. ನಾನು ಯಾವತ್ತೂ ಅರ್ಥ ಬಿಡಿಸಿ ಹೇಳಿರಲಿಲ್ಲ. ಆ ಹುಡುಗರಿಗೆ ನಾನು ನಮ್ಮ ಮನೆ ಹೆಸರು ಹೇಳಿದೆ, ಗದಗಿನ ಮಾತಿನಲ್ಲೇ. ‘ಹೌದ್ರಿ?’ ಅಂತ ಒಬ್ಬ ಬ್ಯಾಗು ಎತ್ತಿಕೊಂಡ.

ಅದೇ ಪದ್ಯದ ಒಂದು ಅಕ್ಷರವನ್ನು ಹಳೆಯ ಪ್ರಾಸಕ್ಕೆ ಹೊಂದುವ ಹಾಗೆ ಓದಬೇಕಾ, ಈಗಿನವರು ಮಾತಾಡುವ ಹಾಗಾ ಅಂತ 2019ರಲ್ಲಿ ಚೀನಾದಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಊರ ಮಾತು ಬದಲಾಗಿಲ್ಲ ಅನ್ನುವ ಪದ್ಯದ ಪ್ರಾಸವೇ ಈಗಿನ ಭಾಷೆಯಲ್ಲಿ ಮುರಿದಿದೆ. ಮೊದಲ ಸಾಲು ‘ಹ್ವೇ’ ಅಂತ ಮುಗಿದರೆ ಕೊನೆಯದು ‘ಲಾಯ್’. ಹಾವ್‌ಫೊ ಹೇಳಿದರೆ ‘ವೆ’ ಮತ್ತು ‘ಲೆ’, ಕೂಡುತ್ತದೆ. ಶಾಲೆಯ ಉಚ್ಚಾರ ಕಲಿಯಲೇಬೇಕು, ಪರೀಕ್ಷೆ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇಲ್ಲಿಯ ಮಕ್ಕಳಿಗೆ ಸುಝೌ ಮಾತು ಬರುವುದಿಲ್ಲ. ಎದುರು ಮನೆಯ ಅವಳಿ ಹುಡುಗರು ತಮ್ಮ ಅಜ್ಜಿಯ ಜತೆಗೂ ಮ್ಯಾಂಡರಿನ್ನೇ. ಬಸ್ಸಿನಲ್ಲಿ ಸ್ಟಾಪಿನ ಹೆಸರು ಸುಝೌ ಮಾತಿನಲ್ಲಿ ಕೇಳಿಸಿದರೆ ನಗುತ್ತಾರೆ. ಮನೆಯಲ್ಲಿ ಇಂಥ ಅಜ್ಜಿ ಇದ್ದೂ ಅವರ ಪದ್ಯ ಕೇಳದೆ ಇರುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ಈಗ ಶನಿವಾರ ಸಂಜೆ ಆ ಹುಡುಗರನ್ನೂ ನಾನೇ ಕೆಳಗೆ ಕರಕೊಂಡು ಹೋಗುತ್ತೇನೆ.

ಈ ವಾರ ಹಾವ್‌ಫೊ ಶುರು ಮಾಡಿರುವುದು ಲ್ಯೂ ಝೊಂಗ್‌ಯುವಾನ್‌ನ ಹಿಮದ ಪದ್ಯ. ಸಾವಿರ ಬೆಟ್ಟದಲ್ಲಿ ಒಂದು ಹಕ್ಕಿ ಹಾರುತ್ತಿಲ್ಲ, ಹತ್ತು ಸಾವಿರ ದಾರಿಯಲ್ಲಿ ಒಂದು ಹೆಜ್ಜೆ ಗುರುತಿಲ್ಲ. ಒಂಟಿ ದೋಣಿಯಲ್ಲಿ ಹುಲ್ಲಿನ ಗೊಂಗಡಿ ಹೊದ್ದ ಮುದುಕ ಹಿಮದಲ್ಲಿ ಗಾಳ ಹಾಕಿ ಕೂತಿದ್ದಾನೆ. ಇದರ ಪ್ರಾಸದ ಅಕ್ಷರಗಳೆಲ್ಲ ಹಿಂದೆ ಥಟ್ಟನೆ ನಿಲ್ಲುವ ಅಕ್ಷರಗಳು. ಮ್ಯಾಂಡರಿನ್‌ನಲ್ಲಿ ಆ ನಿಲುಗಡೆ ಸವೆದುಹೋಗಿದೆ, ಸುಝೌ ಮಾತಿನಲ್ಲಿ ಉಳಿದಿದೆ. ‘ಮಿಅ’ ಅನ್ನುವಷ್ಟರಲ್ಲಿ ಗಂಟಲು ಮುಚ್ಚಬೇಕು. ಬಾಗಿಲು ಹಾಕಿದ ಹಾಗೆ ಅಂತ ಹಾವ್‌ಫೊ ಅವಳ ಗಂಟಲಿಗೆ ಎರಡು ಬೆರಳು ಇಟ್ಟು ತೋರಿಸಿದರು. ಆಮೇಲೆ ನನ್ನ ಗಂಟಲಿಗೂ ಇಟ್ಟರು. ಕಾಳು ಸುಲಿದ ಬೆರಳು, ಹಸಿ ಸಿಪ್ಪೆಯ ವಾಸನೆ.

ಮಗಳಿಗೆ ಬಂತು. ನಾನು ಇನ್ನೂ ಎಳೆಯುತ್ತಿದ್ದೇನೆ. ಶನಿವಾರ ಮತ್ತೆ ಹೇಳಿ ತೋರಿಸಬೇಕು, ಬೆನ್ನು ತಿರುಗಿಸಿ, ನಾನೂ.